ದಾಬಸ್‌ಪೇಟೆಯವರೆಗೆ ಹೋದ ಕಾದಂಬರಿಗಳು

ಕಳೆದ ತಿಂಗಳು ನೆಲಮಂಗಲದ ನಮ್ಮ ಕಾಲೇಜಿನಲ್ಲಿ ಅವರ ಸಂತಾಪ ಸಭೆ ನಡೆಯಿತು. ನನಗೆ ಮಾತನಾಡಲು ಎರಡು ನಿಮಿಷ ಕೊಟ್ಟರು. ಅವರೊಡನೆ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತು, ಒಂದೇ ಬಸ್ಸಿನಲ್ಲಿ ಓಡಾಡಿ, ನೌಕರಿಯ ಬಹುಭಾಗವನ್ನು ಅವರೊಂದಿಗೆ ವಾದ ಮಾಡುತ್ತಲೇ ಕಳೆದವನಿಗೆ ಎರಡು ನಿಮಿಷ. ಅವರ ಮುಖವನ್ನೇ ಕಂಡಿರದ ಆಡಳಿತ ಮಂಡಳಿಯ ಹೊಸ ಕಾರ್ಯದರ್ಶಿಗೆ ಮನಸ್ಸಿಗೆ ಬಂದಷ್ಟು ಹೊತ್ತು. ಇದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಆ ಮಹಾಶಯರು ಭಾಷಣದ ನಡುವೆ, "ಗಣಿತ ಬೋಧಿಸುತ್ತಿದ್ದರೂ ಕತೆ ಕಾದಂಬರಿ ಓದುವ ಹವ್ಯಾಸವಿದ್ದ ಸಾಮಾನ್ಯ ಓದುಗರು" ಎಂದುಬಿಟ್ಟರು. ಸಾಮಾನ್ಯ ಓದುಗರು. ಈ ಎರಡು ಪದಗಳಿಗೆ ಎರಡು ನಿಮಿಷದಲ್ಲಿ ಉತ್ತರ ಕೊಡಲಾಗದು ಎಂದು ಮೈಕಿನಲ್ಲೇ ತಿಳಿಸಿ, ಬೇರೇನೂ ಮಾತನಾಡದೆ ಬಂದು ಕುಳಿತೆ. ಆ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಕಾಲೇಜಿನಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ. ಗಣಿತದ ಮೇಡಂ ಎಂದರೆ ಸಾಕಾಗಿತ್ತು. ಹುಟ್ಟಿದ್ದು ಹೊಸಕೋಟೆಯ ಕಡೆಯ ಅನುಗೊಂಡನಹಳ್ಳಿಯ ಬೇಸಾಯಗಾರರ ಮನೆಯಲ್ಲಿ. ಮದುವೆಯಾಗಿ ಬಂದದ್ದು ದೊಡ್ಡಬಳ್ಳಾಪುರಕ್ಕೆ, ಮುಂದೆ ಮನೆ, ಹಿಂದೆ ಪವರ್‌ಲೂಮ್ ಶೆಡ್ಡು ಇರುವ ಕುಟುಂಬಕ್ಕೆ. ಮಗ್ಗಗಳು ಓಡುತ್ತಿದ್ದಷ್ಟು ಹೊತ್ತು ಆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ.

"ನಮ್ಮನೇಲಿ ಗಂಡ ಹೆಂಡ್ತಿ ಜಗಳ ಆಡ್ಬೇಕಂದ್ರೆ ಕರೆಂಟ್ ಹೋಗ್ಬೇಕು ಮೇಷ್ಟ್ರೇ" ಎಂದು ಅವರೇ ನನಗೆ ಹೇಳಿದ್ದರು. "ಓದೋಕೆ ಕೂತ್ರೆ ಪುಸ್ತಕದಲ್ಲಿರೋರೂ ಕೂಗಿ ಕೂಗಿ ಮಾತಾಡ್ದಂಗೆ ಅನ್ಸುತ್ತೆ."

ಹೀಗಾಗಿ ಅವರು ಓದಿದ್ದೆಲ್ಲ ಬಸ್ಸಿನಲ್ಲಿ.

ನಾವಿಬ್ಬರೂ ದೊಡ್ಡಬಳ್ಳಾಪುರದಿಂದ ದಿನವೂ ನೆಲಮಂಗಲಕ್ಕೆ ಹೋಗಿ ಬರುತ್ತಿದ್ದವರು. ನಾನು ಕನ್ನಡ ಹೇಳಿಕೊಡಲು, ಅವರು ಗಣಿತ ಹೇಳಿಕೊಡಲು. ನಾವು ಹತ್ತುತ್ತಿದ್ದುದು ಮಧುರೆಯ ಮೇಲೆ ನೆಲಮಂಗಲಕ್ಕೆ ಬಂದು, ಅಲ್ಲಿಂದ ಬೇಗೂರು, ದಾಬಸ್‌ಪೇಟೆ ದಾಟಿ ತುಮಕೂರಿಗೆ ಹೋಗುವ ಖಾಸಗಿ ಬಸ್ಸನ್ನು. ಅವರದು ಡ್ರೈವರಿನ ಹಿಂದಿನ ಕಿಟಕಿ ಸೀಟು. ಕೂತ ಕೂಡಲೇ ಕೈಚೀಲದಿಂದ ಪುಸ್ತಕ ತೆಗೆದು, ಸೆರಗಿನ ಅಂಚಿನಿಂದ ಕನ್ನಡಕ ಒರೆಸಿ, ಹಿಂದಿನ ದಿನ ನಿಲ್ಲಿಸಿದ್ದ ಪುಟಕ್ಕಿಂತ ಒಂದು ಪುಟ ಹಿಂದಿನಿಂದ ಆರಂಭಿಸುತ್ತಿದ್ದರು. ಯಾಕೆ ಎಂದರೆ, "ಗಾಡಿ ಎತ್ತೋಕೆ ಮುಂಚೆ ಸ್ವಲ್ಪ ಹಿಂದಕ್ಕೆ ತಗೋಬೇಕಲ್ವಾ" ಎನ್ನುತ್ತಿದ್ದರು.

ಕಾದಂಬರಿಯ ಬೆಲೆ ಕಟ್ಟಲು ಅವರಿಗೆ ಒಂದೇ ಮಾನದಂಡವಿತ್ತು: ಅದು ಅವರನ್ನು ಇಳಿಯಬೇಕಾದ ಸ್ಟಾಪಿನಿಂದ ಎಷ್ಟು ಮುಂದಕ್ಕೆ ಒಯ್ಯಿತು ಎಂಬುದು. ನೆಲಮಂಗಲದಲ್ಲಿ ಎಚ್ಚರಾಗಿ ಇಳಿದರೆ ಪುಸ್ತಕ ಸಾಧಾರಣ. ಬೇಗೂರಿನಲ್ಲಿ ಎಚ್ಚರಾದರೆ ಒಳ್ಳೆಯದು. ದಾಬಸ್‌ಪೇಟೆಯಲ್ಲಿ ಎಚ್ಚರಾದರೆ, ಅಂದರೆ ಸೋಂಪುರದ ಕಾರ್ಖಾನೆಗಳ ಹುಡುಗರು ಗದ್ದಲ ಮಾಡುತ್ತಾ ಇಳಿಯುವಾಗ ತಲೆಯೆತ್ತಿ "ಇದ್ಯಾವ ಊರು?" ಎನ್ನುವಂತಾದರೆ, ಆ ಕೃತಿ ಅತ್ಯುತ್ತಮ. ಒಂದೇ ಒಂದು ಪುಸ್ತಕ ಅವರನ್ನು ತುಮಕೂರಿನವರೆಗೆ ಕರೆದೊಯ್ದಿತ್ತಂತೆ. ಅದರ ಹೆಸರನ್ನು ಎಷ್ಟು ಕೇಳಿದರೂ ಹೇಳಲಿಲ್ಲ.

"ಹೇಳಿದ್ರೆ ನೀವು ಅದಕ್ಕೊಂದು ವಿಮರ್ಶೆ ಬರ್ದುಬಿಡ್ತೀರಿ. ಬೇಡ ಮೇಷ್ಟ್ರೇ, ಪಾಪ, ಚೆನ್ನಾಗಿದೆ ಅದು."

ಈ ಮಾತನ್ನು ನಾನು ಮರೆತಿಲ್ಲ.

ಕಂಡಕ್ಟರನಿಗೂ ನನಗೂ ಒಂದು ಕಟ್ಟಪ್ಪಣೆ ಇತ್ತು: ಅವರನ್ನು ಯಾರೂ ಎಬ್ಬಿಸಕೂಡದು. "ಎಬ್ಬಿಸಿದ್ರೆ ಬರ್ದೋರಿಗೆ ಅನ್ಯಾಯ ಆಗುತ್ತೆ" ಎಂಬುದು ಅವರ ವಾದ. ಕಂಡಕ್ಟರ್ ಇದನ್ನು ಬಹಳ ಶ್ರದ್ಧೆಯಿಂದ ಪಾಲಿಸುತ್ತಿದ್ದ. ಹೊಸ ಪುಸ್ತಕ ಕಂಡ ದಿನ ಮಾತ್ರ ಸ್ವಲ್ಪ ಕೆಣಕುತ್ತಿದ್ದ.

"ಏನ್ ಮೇಡಂ, ಇವತ್ತಿನ್ ಬುಕ್ಕು ಭಾಳ ದಪ್ಪ ಐತೆ. ದಾಬಸ್‌ಪೇಟೆಗೇ ಟಿಕೆಟ್ ಕೊಟ್ಬಿಡ್ಲಾ?"

"ಮೊದ್ಲು ನೆಲಮಂಗಲಕ್ಕೆ ಕೊಡಪ್ಪ. ದಪ್ಪಗಿರೋದೆಲ್ಲ ಅಷ್ಟು ದೂರ ಹೋಗಲ್ಲ."

ನೆಲಮಂಗಲದಲ್ಲಿ ನಾನು ಇಳಿದು, ಕಿಟಕಿಯಲ್ಲಿ ಬಾಗಿದ ಆ ತಲೆ ತುಮಕೂರಿನ ಕಡೆಗೆ ಸಾಗಿಹೋಗುವುದನ್ನು ನೋಡುತ್ತಾ ನಿಂತ ಬೆಳಗುಗಳು ಅನೇಕ. ಆ ದಿನ ಮೊದಲ ಪೀರಿಯಡ್ಡಿನ ಹುಡುಗರಿಗೆ ಆನಂದ. ಆದರೆ ಅದು ಸಂಜೆಯವರೆಗೆ ಮಾತ್ರ. ತಪ್ಪಿದ ಪಾಠವನ್ನು ಸಂಜೆ ನಿಲ್ಲಿಸಿಕೊಂಡು ಮಾಡದೆ ಅವರು ಯಾರನ್ನೂ ಬಿಟ್ಟವರಲ್ಲ. ಪ್ರಾಂಶುಪಾಲರ ಎದುರಿನಲ್ಲೂ ಸುಳ್ಳು ಹೇಳುತ್ತಿರಲಿಲ್ಲ.

"ಯಾಕೆ ಮೇಡಂ, ಮತ್ತೆ ಬಸ್ ಕೆಟ್ಟೋಯ್ತಾ?"

"ಇಲ್ಲ ಸಾರ್, ಬಸ್ಸು ಚೆನ್ನಾಗಿತ್ತು. ಪುಸ್ತಕಾನೂ ಚೆನ್ನಾಗಿತ್ತು. ಅರ್ಧ ದಿನ ರಜೆ ಹಾಕ್ಕೊಳ್ಳಿ."

ನಾನು ಆ ಕಾಲದಲ್ಲಿ ಬೆಂಗಳೂರಿನ ಒಂದು ಮಾಸಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದೆ. ಕೃತಿಯ ಆಕೃತಿ, ಆಶಯ, ಜೀವನದೃಷ್ಟಿ, ಭಾಷೆ ಇವುಗಳನ್ನು ಬಿಡಿಸಿ ನೋಡುವುದು ಒಂದು ಶಿಸ್ತು. ಅದನ್ನು ಬಸ್ ನಿಲ್ದಾಣಗಳಿಂದ ಅಳೆಯುವುದು ನನಗೆ ಸಾಹಿತ್ಯಕ್ಕೆ ಮಾಡುವ ಅವಮಾನವಾಗಿ ಕಂಡಿತು. ಹಾಗೆಂದು ಅವರಿಗೇ ಹೇಳಿದೆ. ಓದುಗನನ್ನು ನಡುನಡುವೆ ತಡೆದು ನಿಲ್ಲಿಸಿ, ಪುಸ್ತಕದಿಂದ ತಲೆಯೆತ್ತಿ ಯೋಚಿಸುವಂತೆ ಮಾಡುವುದೇ ದೊಡ್ಡ ಕೃತಿಯ ಲಕ್ಷಣ. ಮೈಮರೆಸುವ ಕೆಲಸವನ್ನು ಯಾವ ಪತ್ತೇದಾರಿ ಕಾದಂಬರಿಯೂ ಮಾಡುತ್ತದೆ ಎಂದೆ.

ಅವರು ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ನನಗೂ ಅರ್ಧ ಚಪಾತಿ ಇಟ್ಟು, ಸಾವಧಾನವಾಗಿ ಉತ್ತರಿಸಿದರು. "ಪತ್ತೇದಾರಿ ಓದುವಾಗ ನಾನು ಒಂದ್ಸಲಾನೂ ಸ್ಟಾಪ್ ತಪ್ಪಿಸ್ಕೊಂಡಿಲ್ಲ. ಮುಂದೇನಾಗುತ್ತೆ ಅಂತ ಕಾಯೋರಿಗೆ ಸ್ಟಾಪ್ ಯಾವಾಗ ಬರುತ್ತೆ ಅಂತಾನೂ ಗೊತ್ತಿರುತ್ತೆ. ಪುಸ್ತಕದಲ್ಲಿರೋ ಜನ ನಮ್ ಪಕ್ಕದ ಸೀಟಲ್ಲಿ ಬಂದು ಕೂತ್ಕೊಂಡಾಗಲೇ ಮೈಮರೆಯೋದು."

"ಮತ್ತೆ ಕಣ್ಣೀರು ಬರಿಸೋ ಪುಸ್ತಕಗಳು? ಅವೂ ದಾಬಸ್‌ಪೇಟೆಗೆ ಕರ್ಕೊಂಡ್ಹೋಗ್ತವಲ್ಲ?"

"ಒಂದು ಹೋಯ್ತು. ವಾಪಸ್ ಬರುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಈರುಳ್ಳಿ ಹೆಚ್ಚಿದ್ರೂ ಅಷ್ಟು ನೀರು ಬರುತ್ತೆ. ಸುಮ್ನೆ ಅರ್ಧ ದಿನ ರಜೆ ದಂಡ."

ಅವರ ಮಾನದಂಡಕ್ಕೆ ಎರಡನೆಯ ಭಾಗವೊಂದಿದೆ ಎಂದು ಅಂದು ತಿಳಿಯಿತು. ಹೋಗುವ ಬಸ್ಸು ಪುಸ್ತಕದ ಶಕ್ತಿಯನ್ನು ಮಾತ್ರ ಹೇಳುತ್ತದೆ. ಬೆಲೆ ಗೊತ್ತಾಗುವುದು ವಾಪಸು ಬರುವ ಬಸ್ಸಿನಲ್ಲಿ. ಬಿಸಿಲಿನಲ್ಲಿ ನಿಂತು, ಬಂದ ಬಸ್ಸಿನಲ್ಲಿ ನೂಕಾಡಿ ಹತ್ತಿ, ತಡವಾಗಿ ಹೋಗಿ ಪ್ರಾಂಶುಪಾಲರ ಮುಖ ನೋಡಬೇಕಾದ ಆ ಹೊತ್ತಿನಲ್ಲಿ ಪುಸ್ತಕವನ್ನು ಬೈದುಕೊಳ್ಳಬೇಕು ಎನಿಸಿದರೆ ಅದು ಮೋಸ ಮಾಡಿತು ಎಂದರ್ಥ. ಬೈಗುಳ ಬಾಯಿಗೆ ಬರದಿದ್ದರೆ ಮಾತ್ರ ಅದು ನಿಜವಾದ ಕಾದಂಬರಿ.

"ನನಗೆ ಹಿಡಿಸಿದ ಪುಸ್ತಕಕ್ಕೆ ನಾನು ಅರ್ಧ ದಿನದ ರಜೆ ಕೊಟ್ಟಿದ್ದೀನಿ ಮೇಷ್ಟ್ರೇ. ನಿಮ್ಮ ವಿಮರ್ಶಕರು ಏನ್ ಕೊಟ್ಟಿದ್ದಾರೆ, ಹೇಳಿ?"

ನಾನು ಚಪಾತಿ ತಿಂದು ಮುಗಿಸಿದೆ.

ಇದರಿಂದ ಕಾಲೇಜಿನ ಗ್ರಂಥಾಲಯದಲ್ಲಿ ಆದ ಅನಾಹುತವನ್ನೂ ದಾಖಲಿಸಬೇಕು, ಏಕೆಂದರೆ ಗ್ರಂಥಾಲಯದ ಉಸ್ತುವಾರಿ ನನ್ನದಾಗಿತ್ತು. ವಾಪಸು ಬಂದ ಬಸ್ಸಿನ ಟಿಕೆಟನ್ನು ಅವರು ಪುಸ್ತಕದೊಳಗೇ ಗುರುತಿಗೆ ಇಟ್ಟು, ಹಾಗೆಯೇ ಹಿಂದಿರುಗಿಸುತ್ತಿದ್ದರು. ಇದು ಹೇಗೋ ವಿದ್ಯಾರ್ಥಿಗಳಿಗೆ ಗೊತ್ತಾಯಿತು. ನಾನು ವಿಮರ್ಶೆಗಳನ್ನು ಕತ್ತರಿಸಿ ಫಲಕಕ್ಕೆ ಅಂಟಿಸುತ್ತಿದ್ದೆ. ಅದರ ಮುಂದೆ ನಿಂತು ಓದಿದ ವಿದ್ಯಾರ್ಥಿಯನ್ನು ನಾನು ಕಾಣಲಿಲ್ಲ. ಅವರೆಲ್ಲ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಬೋರಲು ಹಿಡಿದು ಒದರುತ್ತಿದ್ದರು. "ಟಿಕೆಟ್ ಇರೋ ಬುಕ್ ಯಾವ್ದಾದ್ರೂ ಇದ್ಯಾ ಸಾರ್?" ಎಂದು ನನ್ನನ್ನೇ ಕೇಳುತ್ತಿದ್ದರು.

ಇನ್ನು ನನ್ನ ಕಾದಂಬರಿಯ ವಿಷಯ.

ಅದು ನನ್ನ ಮೊದಲ ಕಾದಂಬರಿ. ಬೆಂಗಳೂರಿನ ಪ್ರೊಫೆಸರರೊಬ್ಬರು, ಆಗ ಬಹಳ ಹೆಸರಾಗಿದ್ದ ವಿಮರ್ಶಕರು, ಅದನ್ನು 'ಸಮಕಾಲೀನ ಬದುಕಿನ ಸಂಕೀರ್ಣ ಶೋಧ' ಎಂದು ಬರೆದರು. ನಾನು ಒಂದು ಪ್ರತಿಗೆ ಸಹಿ ಹಾಕಿ ಮೇಡಂ ಅವರಿಗೆ ಕೊಟ್ಟೆ. ಮರುದಿನ ಬೆಳಿಗ್ಗೆ ಅವರು ಅದನ್ನು ಬಸ್ಸಿನಲ್ಲಿ ತೆರೆದಾಗ ನಾನು ಮೂರು ಸಾಲು ಹಿಂದೆ ಕುಳಿತಿದ್ದೆ. ಪ್ರೊಫೆಸರರ ಮಾತಿನಿಂದ ಆಗಲೇ ತೃಪ್ತನಾಗಿರಬೇಕಾದವನು ನಾನು. ಆದರೂ ಆ ಕಿಟಕಿಯಲ್ಲಿ ಬಾಗಿದ ತಲೆ ನನ್ನ ಪುಸ್ತಕದ ಮೇಲೆ ಬಾಗಿಕೊಂಡೇ ನೆಲಮಂಗಲ ದಾಟಲಿ ಎಂದು ಎಷ್ಟು ಹಂಬಲಿಸಿದೆನೆಂಬುದನ್ನು ಬರೆಯಲು ಸಂಕೋಚವಾಗುತ್ತದೆ.

ಮಧುರೆಯಲ್ಲಿ ಅವರು ಕಿಟಕಿಯಿಂದ ಹೊರಗೆ ನೋಡಿದರು. ಅಲ್ಲಿಂದ ಮುಂದೆ ಪಕ್ಕದ ಹೆಂಗಸಿನೊಡನೆ ಅವರೆಕಾಯಿಯ ಮಾತಾಡಿದರು. ನೆಲಮಂಗಲ ಇನ್ನೂ ಬಂದಿರಲಿಲ್ಲ. ಊರಿನ ಹೊರಗೆ ಪೆಟ್ರೋಲ್ ಬಂಕಿನ ಬಳಿ ಒಂದು ಸ್ಟಾಪಿದೆ. ಅಲ್ಲಿ ಅವರು ಎದ್ದು ನಿಂತರು.

ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವಂತೆ, "ಯಾಕ್ ಮೇಡಂ, ಇವತ್ತು ಮುಂಚೇನೇ ಇಳೀತಿದ್ದೀರಾ?" ಎಂದ.

"ಸ್ವಲ್ಪ ಗಾಳಿ ಬೇಕು ಅನ್ನಿಸ್ತು ಕಣಪ್ಪ. ನಡ್ಕೊಂಡು ಹೋಗ್ತೀನಿ."

ಒಂದು ಸ್ಟಾಪು ಮೊದಲೇ. ಅವರ ಓದಿನ ಜೀವನದಲ್ಲಿ ಇಂಥ ಗೌರವ ಬೇರೆ ಯಾವ ಕೃತಿಗೂ ದೊರೆತಿರಲಿಲ್ಲ.

ಆ ತಿಂಗಳು ಪೂರ್ತಿ ನಾನು ಅವರೊಡನೆ ಮಾತು ಬಿಟ್ಟೆ. ಅವರು ಅದನ್ನು ಗಮನಿಸಿದಂತೆಯೇ ತೋರಲಿಲ್ಲ. ದಿನವೂ ಡಬ್ಬಿಯ ಮುಚ್ಚಳದ ಮೇಲೆ ನನ್ನ ಪಾಲು ಇಡುತ್ತಲೇ ಇದ್ದರು. ಕೊನೆಗೆ ನಾನೇ ಕೇಳಿದೆ: "ಏನ್ ದೋಷ ಕಂಡ್ರಿ ಅದ್ರಲ್ಲಿ? ಸ್ಪಷ್ಟವಾಗಿ ಹೇಳಿ."

"ಬೇಜಾರು ಮಾಡ್ಕೋಬಾರ್ದು."

"ಮಾಡ್ಕೊಂಡಾಗಿದೆ. ಹೇಳಿ."

"ನಿಮ್ಮ ಪುಸ್ತಕದಲ್ಲಿ ನೀವು ಕಂಡಕ್ಟರ್ ಥರ ಬಾಗಿಲಲ್ಲೇ ನಿಂತಿದ್ದೀರಿ ಮೇಷ್ಟ್ರೇ. 'ಇದು ದುಃಖ, ನೋಡ್ಕೊಳ್ಳಿ. ಮುಂದಿನ ಸ್ಟಾಪು ಅನ್ಯಾಯ, ರೆಡಿಯಾಗಿ' ಅಂತ ಒಂದೊಂದು ಕಡೇನೂ ಕೂಗ್ತೀರಿ. ಅಷ್ಟು ಕೂಗಿದ್ರೆ ನಾನು ನನ್ನ ಸ್ಟಾಪ್ ಹೆಂಗೆ ಮರೀಲಿ?"

ಈ ಮಾತಿಗೆ ನಾನು ಲಿಖಿತ ಉತ್ತರವನ್ನೇ ಸಿದ್ಧಪಡಿಸಿದ್ದೆ. ಅದು ಇಲ್ಲಿ ಬೇಡ. ಗ್ರಂಥಾಲಯದಲ್ಲಿದ್ದ ನನ್ನ ಕಾದಂಬರಿಯ ಪ್ರತಿಗಳೊಳಗೆ ಯಾವ ಟಿಕೆಟ್ಟೂ ಇರಲಿಲ್ಲ. ದಾಬಸ್‌ಪೇಟೆಯ ಒಂದು ಟಿಕೆಟನ್ನು ಎಲ್ಲಿಂದಲಾದರೂ ತಂದು ಇಟ್ಟುಬಿಟ್ಟರೆ ಹೇಗೆ ಎಂದು ಒಮ್ಮೆ ಯೋಚಿಸಿದ್ದುಂಟು. ಯೋಚಿಸಿದ್ದಷ್ಟೇ.

ಅವರನ್ನು ಸಾಮಾನ್ಯ ಓದುಗರು ಎಂದವರು ಬಹುಮಾನದ ಪ್ರಸಂಗವನ್ನು ತಿಳಿಯಬೇಕು. ನಮ್ಮ ಕಡೆಯ ಸಾಹಿತ್ಯ ಸಂಘವೊಂದು ಕಾದಂಬರಿಗೆ ಬಹುಮಾನ ಕೊಡಲು ತೀರ್ಮಾನಿಸಿ, ತೀರ್ಪುಗಾರರಾಗಿ ಆ ಬೆಂಗಳೂರಿನ ಪ್ರೊಫೆಸರರನ್ನು, ನನ್ನನ್ನು ಮತ್ತು ಓದುಗರ ಪರವಾಗಿ ಇರಲೆಂದು ಮೇಡಂ ಅವರನ್ನು ಆರಿಸಿತ್ತು. ಕೊನೆಗೆ ಉಳಿದದ್ದು ಎರಡು ಪುಸ್ತಕ. ಒಂದು ಕಟ್ಟಡದಂತೆ ಅಳೆದು ಕಟ್ಟಿದ ಕೃತಿ. ಇನ್ನೊಂದು ಅಕ್ಕ ತಮ್ಮಂದಿರ ಕತೆ, ಕಟ್ಟು ಸಡಿಲ. ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸೇರಿ, ಮೊದಲನೆಯದಕ್ಕೇ ಬಹುಮಾನ ಎಂದು ಮೂವರೂ ಒಪ್ಪಿದೆವು. ಮೇಡಂ ಕೂಡ, "ನೀವಿಬ್ರೂ ತಿಳ್ದೋರು, ಇರಲಿ ಬಿಡಿ" ಎಂದರು. ನಾನು ಮೂರು ಪುಟಗಳ ಪ್ರಶಸ್ತಿವಾಚನವನ್ನು ಬರೆದು ಚೀಲದಲ್ಲಿಟ್ಟುಕೊಂಡೆ. ಸಂಜೆ ನೆಲಮಂಗಲದಲ್ಲಿ ಸಮಾರಂಭ. ಮೂವರೂ ನಮ್ಮ ಬಸ್ಸನ್ನೇ ಹತ್ತಿದೆವು.

ಬಸ್ಸು ಊರು ಬಿಡುವಾಗ ಪ್ರೊಫೆಸರರು ಸುಮ್ಮನೆ ಒಂದು ಮಾತು ಹೇಳಿದರು. ಎರಡನೆಯ ಕಾದಂಬರಿಯಲ್ಲಿ, ಎಷ್ಟೋ ವರ್ಷದ ಮೇಲೆ ಮನೆಗೆ ಬಂದ ತಮ್ಮನಿಗೆ ಅಕ್ಕ ಬಾಗಿಲು ತೆಗೆಯುವುದಿಲ್ಲ. ಅದು ಅಸಹಜ ಎಂದರು.

"ಯಾಕೆ ಅಸಹಜ? ಆ ತಮ್ಮ ಮಾಡಿದ್ದೇನು ಕಡಿಮೆಯೇ?" ಎಂದೆ.

"ಒಡಹುಟ್ಟಿದವನು ರೀ. ಬಾಗಿಲಲ್ಲಿ ನಿಂತಿದ್ದಾನೆ."

"ನಿಲ್ಲಲಿ. ತಾಯಿ ತೀರಿಹೋದಾಗ ಎಲ್ಲಿ ನಿಂತಿದ್ದ?"

ಮೇಡಂ ನಡುವೆ ಬಂದರು. "ನೀವಿಬ್ರೂ ಅವಳನ್ನ ಸರಿಯಾಗಿ ನೋಡ್ಲಿಲ್ಲ. ಅವಳಿಗೆ ತೆಗಿಯೋಕೆ ಮನಸಿತ್ತು. ಕೈ ಸಗಣಿ ಆಗಿತ್ತು. ತೊಳ್ಕೊಂಡು ಬರೋ ಅಷ್ಟ್ರಲ್ಲಿ ಅವನು ಹೊರಟೋದ. ಎರಡು ನಿಮಿಷ ಕಾಯಕ್ಕಾಗ್ದಿರೋನು ಎಂಥಾ ತಮ್ಮ?"

"ಸಗಣಿಯ ಮಾತು ಎಲ್ಲಿದೆ ಅಲ್ಲಿ?" ಎಂದು ಪ್ರೊಫೆಸರರು ಗದರಿದರು. ಮೇಡಂ ಪುಸ್ತಕ ತೆಗೆದು ಪುಟ ತೋರಿಸಿದರು; ಎರಡು ಪುಟ ಹಿಂದೆ ಅವಳು ಕೊಟ್ಟಿಗೆಯಲ್ಲಿದ್ದಳು. ಪ್ರೊಫೆಸರರು ಅದನ್ನು ಒಪ್ಪಲಿಲ್ಲ. ನಾನು ಇಬ್ಬರನ್ನೂ ಒಪ್ಪಲಿಲ್ಲ. ಹಿಂದಿನ ಸೀಟಿನ ಅಜ್ಜಿಯೊಬ್ಬರು ಯಾರ ಮನೆಯ ವಿಷಯವೆಂದು ವಿಚಾರಿಸಿ, ಎಲ್ಲವನ್ನೂ ಕೇಳಿಕೊಂಡು, "ತೆಗೀಬಾರ್ದು ಬಾಗ್ಲ" ಎಂದು ತಮ್ಮ ತೀರ್ಪನ್ನೂ ಕೊಟ್ಟರು.

ಪ್ರೊಫೆಸರರು ಕೈ ಬೀಸುತ್ತಾ ಹೊರಗೆ ನೋಡಿದವರು ತಟ್ಟನೆ ಮಾತು ನಿಲ್ಲಿಸಿದರು. "ಇದು ನೆಲಮಂಗಲವೇ?"

"ದಾಬಸ್‌ಪೇಟೆ ಸಾರ್" ಎಂದ ಕಂಡಕ್ಟರ್. "ಮೇಡಂನ ಎಬ್ಬಿಸ್ಬಾರ್ದು ಅಂತ ಆರ್ಡ್ರಿದೆ. ಇವತ್ತು ಮೂರು ಜನಕ್ಕೂ ಸೇರಿ ಅನ್ಕೊಂಡೆ."

ವಾಪಸು ಬಸ್ಸಿಗೆ ಕಾಯುತ್ತಾ ನಿಂತಾಗ ಮೇಡಂ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. "ಬಹುಮಾನ ಕೊಟ್ಟ ಪುಸ್ತಕದ ಬಗ್ಗೆ ಬಸ್ ಹತ್ತಿದ್ಮೇಲೆ ಯಾರಾದ್ರೂ ಒಂದ್ ಮಾತು ಆಡಿದ್ವಾ ಸಾರ್? ಇವಳ ವಿಷಯಕ್ಕೆ ಮಾತ್ರ ನಮ್ಮನೆ ಹೆಣ್ಣುಮಗಳು ಅನ್ನೋ ಥರ ಕಿತ್ತಾಡಿದ್ವಿ. ಅದೂ ಪುಸ್ತಕ ಮುಚ್ಚಿಟ್ಟು ತಿಂಗಳಾದ್ಮೇಲೆ."

ವಾಪಸು ಬಸ್ಸು ಬೇಗೂರು ದಾಟಿದ ಮೇಲೆ ಪ್ರೊಫೆಸರರು, "ಕಟ್ಟು ಸಡಿಲವೇ. ಅದನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ" ಎಂದರು. ಆಮೇಲೆ, "ಬಹುಮಾನ ಇದಕ್ಕೇ ಇರಲಿ" ಎಂದರು. ಸಭೆಯಲ್ಲಿ ಅಧ್ಯಕ್ಷರು ನಮಗಾಗಿ ಕಾಯುತ್ತಾ ಹೇಳಿದ್ದನ್ನೇ ಹೇಳಿ ದಣಿದಿದ್ದರು. ನನ್ನ ಮೂರು ಪುಟಗಳ ಪ್ರಶಸ್ತಿವಾಚನ ವ್ಯರ್ಥವಾಯಿತು. ಅದಕ್ಕಾಗಿ ಯಾರೂ ನನ್ನ ಕ್ಷಮೆ ಕೇಳಲಿಲ್ಲ.

ನಿವೃತ್ತಿಯಾದ ಮೇಲೆ ನಾನು ಎರಡನೆಯ ಕಾದಂಬರಿ ಬರೆದೆ. ಬರೆಯುವಾಗ, ನಾನು ಬಾಗಿಲಲ್ಲಿ ನಿಂತು ಕೂಗುತ್ತಿರುವ ವಾಕ್ಯಗಳು ಕಂಡಲ್ಲೆಲ್ಲ ಹೊಡೆದುಹಾಕಿದೆ. ಮೇಡಂ ಹೇಳಿದರೆಂದಲ್ಲ, ನನಗೇ ಸರಿ ಎನಿಸಿತು. ಪುಸ್ತಕ ಬಂದಾಗ ಪ್ರೊಫೆಸರರು ಎರಡೇ ಸಾಲು ಬರೆದರು: 'ಸರಳ ಕೃತಿ. ಲೇಖಕರ ಮೊದಲಿನ ಗಹನತೆ ಇಲ್ಲಿಲ್ಲ.' ಆ ಸಾಲುಗಳು ನನಗೆ ಕಂಠಪಾಠವಾಗಿವೆ. ಮೇಡಂ ಅವರಿಗೆ ಈ ಸಲ ಸಹಿ ಹಾಕದೆ, ಅಂಚೆಯಲ್ಲಿ ಒಂದು ಪ್ರತಿ ಕಳಿಸಿದೆ.

ಅಷ್ಟರಲ್ಲಿ ಅವರೂ ನಿವೃತ್ತರಾಗಿದ್ದರು. ಮಗ್ಗಗಳನ್ನು ಮೈದುನನ ಮಗನಿಗೆ ವಹಿಸಿದ್ದರು; ಶೆಡ್ಡು ಊರಾಚೆಗೆ ಹೋಗಿತ್ತು. ಮನೆ ನಿಶ್ಶಬ್ದವಾಗಿತ್ತು, ಬಸ್ಸಂತೂ ಇರಲಿಲ್ಲ. ಈಗ ಕಾದಂಬರಿಯನ್ನು ಹೇಗೆ ಅಳೆಯುತ್ತೀರಿ ಎಂದು ಒಮ್ಮೆ ಫೋನಿನಲ್ಲಿ ಕೇಳಿದ್ದೆ.

"ಒಲೆ ಮೇಲೆ ಹಾಲಿಟ್ಟು ಪಕ್ಕದಲ್ಲೇ ನಿಂತು ಓದ್ತೀನಿ" ಎಂದಿದ್ದರು. "ಇನ್ನೂವರೆಗೂ ಯಾವ್ದೂ ಉಕ್ಸಿಲ್ಲ ಮೇಷ್ಟ್ರೇ. ವಯಸ್ಸಾದ್ಮೇಲೆ ಎಚ್ಚರ ಜಾಸ್ತಿ."

ಪುಸ್ತಕ ಕಳಿಸಿ ಅನೇಕ ದಿನಗಳಾದರೂ ಸುದ್ದಿಯಿಲ್ಲ. ಪಿಂಚಣಿಗೆ ವರ್ಷವರ್ಷವೂ ಕೊಡಬೇಕಾದ ಜೀವಂತ ಪ್ರಮಾಣಪತ್ರದ ವಿಚಾರ ಕೇಳುವ ನೆಪ ಮಾಡಿಕೊಂಡು ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಗೇಟಿನ ಬಳಿಯೇ ಸೀದ ವಾಸನೆ ಬಂತು. ಜಗಲಿಯ ಮೇಲೆ ಅವರ ಯಜಮಾನರು ಕುಳಿತಿದ್ದರು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಇವತ್ತು ಕಾಫಿಗೆ ಗ್ಯಾರಂಟಿ ಇಲ್ಲ."

ಮೇಡಂ ಹೊರಗೆ ಬಂದರು. ಕೈಯಲ್ಲಿ ಹಾಲಿಲ್ಲದ ಕಾಫಿ. "ಹಾಲೆಲ್ಲ ಉಕ್ಕಿ ಒಲೆ ಮೇಲೆ ಹೋಯ್ತು. ಫೋನ್ ಬಂದಿತ್ತು, ಮಾತಾಡ್ತಾ ಮರ್ತ್‌ಬಿಟ್ಟೆ. ಹಿಂಗೇ ಕುಡೀರಿ" ಎಂದು ಲೋಟ ನನ್ನ ಕೈಗಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ಅವರ ಹೆಗಲಾಚೆ ಅಡುಗೆಮನೆಯ ಕಟ್ಟೆ ಕಾಣಿಸಿತು. ನನ್ನ ಪುಸ್ತಕ ಅಲ್ಲಿ ಮಗುಚಿಕೊಂಡು ಮಲಗಿತ್ತು. ಇನ್ನು ಕೆಲವೇ ಪುಟಗಳು ಉಳಿದಿದ್ದವು.

ಯಜಮಾನರು ನನ್ನ ಕಡೆಗೆ ಬಾಗಿ ದನಿ ತಗ್ಗಿಸಿದರು. "ಯಾವ ಫೋನೋ ಕಾಣೆ. ಅದು ನೆನ್ನೆಯಿಂದ ರಿಪೇರಿ ಅಂಗಡೀಲೈತೆ."

ಮೇಡಂ ಅವರ ಮಾನದಂಡಕ್ಕೆ ಎರಡನೆಯ ಭಾಗ ಒಂದಿತ್ತಲ್ಲ, ವಾಪಸು ಬಸ್ಸಿನದು. ಒಳಗಿನಿಂದ ತಳ ಹಿಡಿದ ಪಾತ್ರೆಯನ್ನು ಉಜ್ಜುವ ಸದ್ದು ಬರತೊಡಗಿತು. ಕರಿ ಕಾಫಿಯ ಲೋಟವನ್ನು ಹಿಡಿದುಕೊಂಡು, ಯಜಮಾನರು ಹೇಳುತ್ತಿದ್ದ ಬೇರೇನನ್ನೂ ಕೇಳದೆ, ನಾನು ಆ ಸದ್ದಿಗೆ ಕಿವಿಗೊಟ್ಟು ಕುಳಿತೆ. ಸೀದ ಹಾಲು ಸುಲಭವಾಗಿ ಬಿಡುವುದಿಲ್ಲ. ಅವರು ಬಹಳ ಹೊತ್ತು ಉಜ್ಜಿದರು. ಒಂದು ಬೈಗುಳವೂ ಕೇಳಿಸಲಿಲ್ಲ.